ಎರಡು ಬಾಗಿಲುಗಳ ನಡುವಿನ ನೀರು

ಗುರುವಾರ ಊರಿಗೆ ಹೊರಡುವ ಮುಂಚೆ ಅಮ್ಮ ವೇದಾಳ ಹತ್ತಿರ ತನ್ನ ಪರವಾಗಿ ಒಂದು ಮಾತು ಆಡುತ್ತಾಳೋ ಇಲ್ಲವೋ ಎಂಬುದನ್ನು ಬಿಟ್ಟು ಆ ಭಾನುವಾರ ಬೆಳಿಗ್ಗೆ ತ್ರಿವಿಕ್ರಮನ ತಲೆಯಲ್ಲಿ ಬೇರೇನೂ ಇರಲಿಲ್ಲ. ಡುವಾಲ್‌ ಊರಿನ ತಮ್ಮ ಮನೆಯಿಂದ ಹೊರಟು, ಕಣಿವೆಯ ಹೊಲಗಳನ್ನು ದಾಟಿ, ವುಡಿನ್‌ವಿಲ್‌ನಲ್ಲಿ ವೈನ್ ಅಂಗಡಿಗಳ ಎದುರು ಸಿಗ್ನಲ್ಲಿಗೆ ಕಾರು ನಿಲ್ಲಿಸಿದಾಗಲೂ ಅದನ್ನೇ ಯೋಚಿಸುತ್ತಿದ್ದ. ಮುಂದಿನ ಸೀಟಿನಲ್ಲಿ ಅಮ್ಮ, ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು, ಹಿಂದೆ ಹೆಂಡತಿ ವೇದಾ, ಅವಳ ಪಕ್ಕ ಮಗಳು ಜಾಹ್ನವಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡು. ಕನ್ನಡಿಯಲ್ಲಿ ವೇದಾಳ ಅರ್ಧ ಮುಖ ಕಾಣುತ್ತಿತ್ತು. ಅವಳು ಹೊರಗೆ ನೋಡುತ್ತಿದ್ದಳು. ಆ ಮುಖದಲ್ಲಿ ಸಿಟ್ಟು ಇದ್ದಿದ್ದರೆ ಅವನಿಗೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಸಿಟ್ಟಿಗೆ ಉತ್ತರ ಕೊಡುವುದು ಅವನಿಗೆ ಗೊತ್ತಿತ್ತು. ಸಮಾಧಾನವಾಗಿ, ಒಂದಾದ ಮೇಲೊಂದು ಕಾರಣ ಹೇಳುತ್ತ, ಆಫೀಸಿನಲ್ಲಿ ಹೊಸ ಹುಡುಗರಿಗೆ ಅವರ ತಪ್ಪು ತೋರಿಸುವಂತೆ. ಈ ಎರಡು ತಿಂಗಳಿಂದ ಅವಳು ಕಾಫಿ ಕೊಡುತ್ತಿದ್ದಳು, ಬಟ್ಟೆ ಮಡಿಸುತ್ತಿದ್ದಳು, ಅತ್ತೆಯ ಜೊತೆ ಗುಸುಗುಸು ಮಾತಾಡುತ್ತಿದ್ದಳು, ಮಗಳಿಗೆ ಕಥೆ ಹೇಳುತ್ತಿದ್ದಳು. ಅವನು ಕೋಣೆಗೆ ಬಂದರೆ ಮಾತು ನಿಲ್ಲುತ್ತಿತ್ತು. ಯಾರೂ ಮುಖ ಗಂಟು ಹಾಕುತ್ತಿರಲಿಲ್ಲ, ಮಾತು ಮುಗಿದಿತ್ತು ಎನ್ನುವ ಹಾಗೆ ನಿಲ್ಲುತ್ತಿತ್ತು, ಅಷ್ಟೆ.

ನಿನ್ನೆ ಮಧ್ಯಾಹ್ನ ಅಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಾಗ ಅವನು ಹೋಗಿ ಪಕ್ಕದಲ್ಲಿ ಕೂತಿದ್ದ. ಕೆಳಗೆ, ಹೊಲಗಳಾಚೆ, ನದಿ ಕಾಣುತ್ತಿತ್ತು. ಈ ಮನೆ ತೆಗೆದುಕೊಂಡಿದ್ದೇ ಆ ನದಿಗಾಗಿ. ಅಡುಗೆಮನೆಯ ಕಿಟಕಿಯಿಂದ ದಿನಾ ನೀರು ಕಾಣಲಿ, ವೇದಾಳಿಗೆ ಬೇಜಾರು ಕಳೆಯಲಿ ಅಂತ. ಹಾಗೆಂದು ಅವನು ಎಲ್ಲರಿಗೂ ಹೇಳುತ್ತಿದ್ದ, ಹೇಳಿ ಹೇಳಿ ನಂಬಿದ್ದ.

"ನೀನು ಹೇಳಿದ್ರೆ ಕೇಳ್ತಾಳೆ ಅಮ್ಮ. ನಿನ್ನ ಮೇಲೆ ಗೌರವ ಇದೆ ಅವಳಿಗೆ."

"ಏನಂತ ಹೇಳ್ಲಿ?"

"ಇಲ್ಲಿ ಏನು ಕಮ್ಮಿಯಾಗಿದೆ ಅಂತ ಕೇಳು. ಅವಳು ಹೋಗೋಣ ಅನ್ನೋ ಆ ಕ್ರಾಸ್‌ರೋಡ್ಸ್ ಅಪಾರ್ಟ್‌ಮೆಂಟಲ್ಲಿ ಏನಿದೆ ಅಂತ ಕೇಳು. ಒಂದು ಬಸ್‌ಸ್ಟಾಪು, ನಾಲ್ಕು ಜನ ನಮ್ಮೋರು. ಅದಕ್ಕೋಸ್ಕರ ಇಂಥ ಮನೆ ಬಿಟ್ಟು ಹೋಗೋದಾ?"

ಅಮ್ಮ ಒಂದು ದಂಟನ್ನು ಉಗುರಿನಿಂದ ಚಿವುಟಿ ಎಳೆ ಎಲೆಯನ್ನು ಈ ಕಡೆಗೆ, ನಾರನ್ನು ಆ ಕಡೆಗೆ ಹಾಕಿದಳು. "ಕಾರಿನ ಕೀ ಯಾಕೆ ಕೊಡಲ್ಲ ಅವಳಿಗೆ?"

"ಕೊಡಲ್ಲ ಅಂತಲ್ಲ. ನಾನೇ ಕಲಿಸ್ದೆ. ಗ್ಯಾರೇಜ್ ಬಾಗಿಲಿಗೆ ಗುದ್ದಿದ್ಲು. ಕೈ ನಡುಗತ್ತೆ ಅವಳಿಗೆ. ಇನ್ನೊಂದ್ಸಲ ಕೂತು ಕಲಿಸ್ತೀನಿ ಅಂದಿದೀನಿ."

"ಯಾವಾಗ ಗುದ್ದಿದ್ದು?"

"ಹೋದ ವರ್ಷ. ಅಥವಾ ಅದರ ಹಿಂದಿನ ವರ್ಷ."

"ನೋಡೋಣ" ಎಂದಳು ಅಮ್ಮ. ಅದನ್ನವನು ಆಗಲಿ ಎಂದೇ ಅರ್ಥ ಮಾಡಿಕೊಂಡ. ಅಮ್ಮ ಇಲ್ಲವೆಂದು ಹೇಳಿದ್ದನ್ನು ಅವನು ಯಾವತ್ತೂ ಕೇಳಿರಲಿಲ್ಲ.

ಗೆಳೆಯ ಜಯಂತನ ದೋಣಿಯ ಯೋಚನೆ ಬಂದಿದ್ದು ಆಮೇಲೆ. ಮಾತಾಡಲು ಒಂದು ಜಾಗ ಬೇಕು, ಎದ್ದು ಒಳಗೆ ಹೋಗಿಬಿಡುವಂತಿಲ್ಲದ ಜಾಗ. ಊರಿಂದ ಬಂದ ಅಪ್ಪ ಅಮ್ಮಂದಿರನ್ನೆಲ್ಲ ಇಲ್ಲಿನವರು ತಪ್ಪದೆ ಬ್ಯಾಲರ್ಡ್‌ನ ಲಾಕ್ ನೋಡಲು ಕರೆದುಕೊಂಡು ಹೋಗುತ್ತಾರೆ. ಮೇಲೆ ಕೆರೆ, ಕೆಳಗೆ ಸಮುದ್ರ, ನಡುವೆ ಕಾಂಕ್ರೀಟಿನ ಉದ್ದ ತೊಟ್ಟಿ, ಅದಕ್ಕೆ ಎರಡು ಬಾಗಿಲು. ದೋಣಿಗಳು ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ನೀರನ್ನು ಬಿಟ್ಟು, ಸಮುದ್ರದ ಮಟ್ಟಕ್ಕೆ ಇಳಿಸಿ, ಮುಂದಿನ ಬಾಗಿಲು ತೆಗೆಯುತ್ತಾರೆ. ಅಮ್ಮನನ್ನು ಮಾತ್ರ ಅವಳು ಬಂದು ಆರು ತಿಂಗಳಾದರೂ ಅವನು ಕರೆದುಕೊಂಡು ಹೋಗಿರಲಿಲ್ಲ. ಕೊನೆಯ ಭಾನುವಾರಕ್ಕೆ ಅಂತ ಇಟ್ಟುಕೊಂಡಿದ್ದ. ಅಪ್ಪ ಊರಿನ ಹೊಳೆಯ ಮೇಲೆ ಇಂಥದೇ ಒಂದು ಲಾಕಿನ ಉಸ್ತುವಾರಿ ನೋಡುತ್ತಿದ್ದ, ನೀರಾವರಿ ಇಲಾಖೆಯ ನೌಕರ. ಅಣೆಕಟ್ಟೆಯ ಪಕ್ಕದಲ್ಲಿ ಕಲ್ಲಿನ ತೊಟ್ಟಿ, ತೇಗದ ಎರಡು ಬಾಗಿಲು, ಇಲಾಖೆಯ ದೋಣಿಗಳು ಕಲ್ಲು ಮರಳು ಹೊತ್ತು ಮೇಲೆ ಕೆಳಗೆ ಹೋಗಲು ಯಾವ ಕಾಲದಲ್ಲೋ ಕಟ್ಟಿದ್ದು. ಭಾನುವಾರ ಅಪ್ಪ ಮನೆಯವರನ್ನೆಲ್ಲ ದೋಣಿಯಲ್ಲಿ ಕೂರಿಸಿಕೊಂಡು ಹೊಳೆಯ ಮೇಲೆ ಸುತ್ತಾಡಿಸುತ್ತಿದ್ದ. ಹುಟ್ಟು ಎಳೆದಾಗ ಅಪ್ಪನ ಬನಿಯನ್ನಿನ ಒಳಗೆ ಉಬ್ಬುತ್ತಿದ್ದ ತೋಳು, ನೀರಿಗೆ ತಾಗುತ್ತಿದ್ದ ಅಮ್ಮನ ಸೆರಗು, ಬಾಳೆಲೆಯಲ್ಲಿ ಕಟ್ಟಿದ ಮೊಸರನ್ನ. ತನ್ನ ಬಾಲ್ಯದ ಬಗ್ಗೆ ಯಾರು ಕೇಳಿದರೂ ತ್ರಿವಿಕ್ರಮ ಇದನ್ನೇ ಹೇಳುತ್ತಿದ್ದ. ಕೇಳಿದವರು ಪುಣ್ಯವಂತ ಎನ್ನುತ್ತಿದ್ದರು.

ಜಯಂತ ಕೆರೆಯ ದಡದಲ್ಲಿ ಕಾಯುತ್ತಿದ್ದ. ಅವನು ತ್ರಿವಿಕ್ರಮನ ಆಫೀಸಿನವನೇ, ಬಸವನಗುಡಿಯವನು, ಮದುವೆಯಾಗಿರಲಿಲ್ಲ. ಇದ್ದ ಹಣವನ್ನೆಲ್ಲ ಒಂದು ಹಳೆಯ ದೋಣಿಯ ಮೇಲೆ ಸುರಿದಿದ್ದ.

"ಬನ್ನಿ ಅಮ್ಮ. ನಿಧಾನಕ್ಕೆ ಕಾಲಿಡಿ. ಈ ದೋಣಿಗೆ ನನಗಿಂತ ಜಾಸ್ತಿ ವಯಸ್ಸಾಗಿದೆ. ಮರ್ಯಾದೆ ಕೊಟ್ರೆ ಮುಳುಗಲ್ಲ."

"ಮುಳುಗಿದ್ರೆ ಈ ಡಬ್ಬಿ ನೀನು ಹಿಡ್ಕೋಬೇಕಪ್ಪ" ಎಂದಳು ಅಮ್ಮ. "ಬೆಳಿಗ್ಗೆ ಎದ್ದು ಮಾಡಿದ್ದು."

"ಫಸ್ಟು ಅದನ್ನೇ ಕಾಪಾಡೋದು. ಆಮೇಲೆ ಜಾನು, ಆಮೇಲೆ ನೀವು. ಇವನು ಈಜ್ಕೊಂಡು ಬರ್ತಾನೆ, ಹೊಳೇಲಿ ಬೆಳೆದೋನು."

ವೇದಾ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿಯದೆ, ಶಬ್ದ ಮಾಡಿ ನಕ್ಕಳು. ತ್ರಿವಿಕ್ರಮ ಬಗ್ಗಿ ಸುಮ್ಮನೆ ಶೂ ಲೇಸು ಬಿಚ್ಚಿ ಕಟ್ಟಿಕೊಂಡ. ಅವಳ ನಗು ಹೀಗಿರುತ್ತದೆ ಎಂಬುದು ಅವನಿಗೆ ಮರೆತೇಹೋಗಿತ್ತು. ಅದನ್ನು ನೆನಪಿಸಿಕೊಳ್ಳಲು ಜಯಂತ ಬೇಕಾಯಿತು, ಅದೂ ಇಂಥ ಸವಕಲು ತಮಾಷೆ ಬೇಕಾಯಿತು. ಡಿಸೆಂಬರಿನಲ್ಲಿ ಕಣಿವೆಯಲ್ಲಿ ಪ್ರವಾಹ ಬಂದು ಡುವಾಲ್‌ಗೆ ಹೋಗುವ ರಸ್ತೆಗಳು ಮುಳುಗಿದಾಗ ಅವನು ಎರಡು ದಿನ ಇದೇ ಜಯಂತನ ಮನೆಯಲ್ಲಿ ಉಳಿದಿದ್ದ. ಜಾಹ್ನವಿಗೆ ಜ್ವರ. ಮನೆಯಲ್ಲಿದ್ದ ಇನ್ನೊಂದು ಕಾರಿನ ಕೀ ಅವನ ಜಾಕೆಟ್ಟಿನ ಜೇಬಿನಲ್ಲಿತ್ತು. ವೇದಾ ಫೋನಿನಲ್ಲಿ ಅದನ್ನು ಕೇಳಿದಾಗ ಅವನು, "ರಸ್ತೆನೇ ಇಲ್ಲ. ಕೀ ಇಟ್ಕೊಂಡು ಏನ್ಮಾಡ್ತಿದ್ದೆ?" ಎಂದಿದ್ದ. ಸರಿಯಾದ ಮಾತೇ. ಈಗ ಯೋಚಿಸಿದರೂ ಅದರಲ್ಲಿ ತಪ್ಪು ಸಿಗುವುದಿಲ್ಲ. ಆಗ ಜಯಂತ ಒಲೆಯ ಮುಂದೆ ನಿಂತು ಸಾರು ಕುದಿಸುತ್ತಿದ್ದವನು ಒಮ್ಮೆ ತಿರುಗಿ ನೋಡಿದ್ದ. ಡುವಾಲ್ ಊರಿನ ಒಳಗೆ ರಸ್ತೆ ಇತ್ತು, ಔಷಧದಂಗಡಿ ತೆರೆದಿತ್ತು, ಕಾರಿನಲ್ಲಿ ಹತ್ತು ನಿಮಿಷದ ದಾರಿ. ಅದು ಅವನಿಗೆ ಗೊತ್ತಾಗಿದ್ದು ಆಮೇಲೆ. ವೇದಾ ಮಗುವಿಗೆ ಕೊಡೆ ಹಿಡಿದುಕೊಂಡು ನಡೆದು ಹೋಗಿದ್ದಳಂತೆ.

ದೋಣಿ ಕೆರೆಯಿಂದ ಕಾಲುವೆಗೆ ತಿರುಗಿತು. ಬಿಸಿಲಿತ್ತು. ದಡದ ಮೇಲೆ ಜನ ನಾಯಿ ಹಿಡಿದುಕೊಂಡು ಓಡುತ್ತಿದ್ದರು. ಜಾಹ್ನವಿ ಅಜ್ಜಿಯ ಸೆರಗನ್ನು ತನ್ನ ಮುಖಕ್ಕೆ ಎಳೆದುಕೊಂಡು ಬಿಸಿಲು ಮರೆಮಾಡಿಕೊಂಡಿದ್ದಳು. ಅಮ್ಮ ವೇದಾಳ ಕಡೆ ಬಾಗಿ ಏನೋ ಹೇಳಿದಳು. ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ. ವೇದಾ ತಲೆಯಾಡಿಸಿದಳು. ತ್ರಿವಿಕ್ರಮನಿಗೆ ಎದೆ ಹಗುರಾಯಿತು. ಶುರು ಮಾಡಿದಳು ಅಂದುಕೊಂಡ. ಅಮ್ಮ ಸಾವಕಾಶವಾಗಿಯೇ ಶುರು ಮಾಡುತ್ತಾಳೆ.

ಲಾಕಿನೊಳಗೆ ಅವರ ಹಿಂದೆ ಮುಂದೆ ಎಂಟು ಹತ್ತು ದೋಣಿಗಳು ಬಂದು ನಿಂತವು. ಗೋಡೆಯ ಮೇಲಿದ್ದ ಕೆಲಸದವರು ಹಗ್ಗಗಳನ್ನು ತೆಗೆದುಕೊಂಡು ಗೂಟಗಳಿಗೆ ಹಾಕಿದರು. ಹಿಂಬದಿಯ ಹಗ್ಗದ ಈ ತುದಿ ತ್ರಿವಿಕ್ರಮನ ಕೈಯಲ್ಲಿತ್ತು. ದೋಣಿಯ ಅಂಚಿನ ಕಬ್ಬಿಣಕ್ಕೆ ಒಂದು ಸುತ್ತು ಹಾಕಿ ಹಿಡಿದುಕೊಂಡು, ನೀರು ಇಳಿದಂತೆ ಸ್ವಲ್ಪ ಸ್ವಲ್ಪವೇ ಬಿಡುತ್ತ ಹೋಗಬೇಕು. ಬಿಡದಿದ್ದರೆ ನೀರು ಕೆಳಗೆ ಹೋಗುತ್ತದೆ, ದೋಣಿ ಗೋಡೆಗೆ ನೇತುಬೀಳುತ್ತದೆ.

"ಇವನಿಗೆ ಹೇಳಿಕೊಡೋದೇ ಬೇಡ" ಎಂದ ಜಯಂತ. "ಲಾಕ್ ಮನೆತನದೋನು. ಅಲ್ವಾ ಅಮ್ಮ? ನಿಮ್ಮ ಊರಿನ ಲಾಕೂ ಹೀಗೇ ಇತ್ತಾ?"

"ಹೀಗೇ" ಎಂದಳು ಅಮ್ಮ. ಅವಳು ತಲೆಯೆತ್ತಿ ಗೋಡೆಗಳನ್ನು ನೋಡುತ್ತಿದ್ದಳು. "ಇಷ್ಟು ಜನ ಇರ್ತಿರ್ಲಿಲ್ಲ ಅಷ್ಟೆ. ನಾನೊಬ್ಬಳೇ ಇರ್ತಿದ್ದೆ."

ಜಯಂತ ನಕ್ಕ, ಅದೂ ಒಂದು ತಮಾಷೆ ಎಂದುಕೊಂಡು. ಹಿಂದಿನ ಬಾಗಿಲು ಮುಚ್ಚಿಕೊಂಡಿತು. ವೇದಾ ನಗಲಿಲ್ಲ. ಅವಳು ಕೈ ಚಾಚಿ ಅತ್ತೆಯ ಕೈ ಹಿಡಿದುಕೊಂಡಳು. ಅವಳಿಗೆ ಗೊತ್ತು ಎಂಬುದು ತ್ರಿವಿಕ್ರಮನಿಗೆ ಆಗ ಹೊಳೆಯಿತು. ಅವನು ಯಾರಿಗೂ ಹೇಳಿರದ, ತನಗೇ ಹೇಳಿಕೊಂಡಿರದ ಒಂದು ಸಂಗತಿ ಅವಳಿಗೆ ಗೊತ್ತು.

ಮರೆತಿದ್ದ ಎಂದು ಹೇಳುವಂತಿಲ್ಲ. ಆ ಕಡೆ ತಿರುಗಿರಲಿಲ್ಲ. ನಾಲ್ಕು ಸಲ ಆಗಿತ್ತೋ ಹತ್ತು ಸಲವೋ. ಅಪ್ಪ ಹೊಡೆಯುವವನಲ್ಲ, ಕ್ವಾರ್ಟರ್ಸಿನ ಹೆಂಗಸರೆಲ್ಲ ಅಮ್ಮನ ಹತ್ತಿರ ಆ ಮಾತು ಹೇಳಿ ನಿಟ್ಟುಸಿರು ಬಿಡುತ್ತಿದ್ದರು. ಅಪ್ಪನಿಗೆ ಬೇಸರವಾಗುತ್ತಿತ್ತು, ಅಷ್ಟೆ. ಮಜ್ಜಿಗೆ ಹುಳಿಯಾಗಿದ್ದಕ್ಕೆ, ತಂಗಿಯ ಮದುವೆಗೆ ನಾಲ್ಕು ದಿನ ಮುಂಚೆ ಹೋಗಲಾ ಎಂದು ಅಮ್ಮ ಎರಡನೇ ಸಲ ಕೇಳಿದ್ದಕ್ಕೆ. ವಾರವಿಡೀ ಏನೂ ಅನ್ನುತ್ತಿರಲಿಲ್ಲ. ಭಾನುವಾರ ದೋಣಿಯಲ್ಲಿ ಸುತ್ತಾಡಿಸಿ, ಮೊಸರನ್ನ ತಿಂದು, ಲಾಕಿನೊಳಕ್ಕೆ ಬಂದ ಮೇಲೆ ಮೊದಲು ಹುಡುಗನನ್ನು ಕಬ್ಬಿಣದ ಏಣಿ ಹತ್ತಿಸಿ, ಹುಟ್ಟುಗಳನ್ನು ತೆಗೆದುಕೊಂಡು ತಾನೂ ಹತ್ತಿ, ಅಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ಏಣಿಗೆ ಕೈ ಹಾಕುವಷ್ಟರಲ್ಲಿ ಗಳುವಿನಿಂದ ದೋಣಿಯನ್ನು ನಡುವಿಗೆ ತಳ್ಳಿಬಿಡುತ್ತಿದ್ದ. "ಸ್ವಲ್ಪ ಹೊತ್ತು ಕೂತಿರು. ತಂಪಾಗಿರತ್ತೆ." ಎರಡೂ ಬಾಗಿಲು ಮುಚ್ಚಿರುತ್ತಿದ್ದವು. ನೀರು ಇಳಿಯುತ್ತಿತ್ತು. ಅಮ್ಮ ಪಾಚಿ ಹಿಡಿದ ಗೋಡೆಗಳ ನಡುವೆ ಕೆಳಗೆ, ಇನ್ನೂ ಕೆಳಗೆ ಹೋಗುತ್ತಿದ್ದಳು. ಅಪ್ಪ ಕಲ್ಲುಕಂಬದ ಮೇಲೆ ಕೂತು ನಶ್ಯದ ಡಬ್ಬಿ ತೆಗೆಯುತ್ತಿದ್ದ. ಅವನ ಕರಾರು ಒಂದೇ. ಒಂದು ಸಲ ಕರೆದರೆ ಸಾಕು, ರೀ ಅಂತ ಒಂದು ಸಲ ಕೂಗಿದರೆ ನೀರು ತುಂಬಿಸಿ ಮೇಲೆ ತರುತ್ತಾನೆ. ಅಮ್ಮ ಕೂಗುತ್ತಿರಲಿಲ್ಲ. ಕ್ವಾರ್ಟರ್ಸಿನ ಮಕ್ಕಳು ಬಂದು ಬಗ್ಗಿ ನೋಡಿ ಹೋಗುತ್ತಿದ್ದರು. ಬಿಸಿಲು ಒಂದು ಗೋಡೆ ಬಿಟ್ಟು ಇನ್ನೊಂದು ಗೋಡೆಗೆ ಹೋಗುತ್ತಿತ್ತು.

ನೀರು ಇಳಿಸುವ ಚಕ್ರ ತಿರುಗಿಸುತ್ತಿದ್ದವನು ಅವನೇ. "ವಿಕ್ರಮ, ತಿರುಗಿಸು ಮರಿ" ಎನ್ನುತ್ತಿದ್ದ ಅಪ್ಪ. ಎರಡೂ ಕೈಯಲ್ಲಿ ಜೋತುಬಿದ್ದರೆ ಮಾತ್ರ ತಿರುಗುತ್ತಿದ್ದ ಆ ಚಕ್ರವನ್ನು ಒಬ್ಬನೇ ತಿರುಗಿಸಲು ಬಂದ ದಿನ ಅವನಿಗಾದ ಹೆಮ್ಮೆ ಆಮೇಲೆ ಯಾವ ಪರೀಕ್ಷೆಯಲ್ಲೂ, ಯಾವ ಕೆಲಸ ಸಿಕ್ಕಾಗಲೂ ಆಗಿರಲಿಲ್ಲ. ಕೆಲಸ ಮುಗಿದ ಮೇಲೆ ಅಪ್ಪನ ಪಕ್ಕ ಕೂತು ಕಡಲೆಕಾಯಿ ತಿನ್ನುತ್ತಿದ್ದ. ಸಿಪ್ಪೆಗಳು ಗಾಳಿಗೆ ಕೆಳಗೆ ಹೋಗಿ ನೀರಿನ ಮೇಲೆ, ದೋಣಿಯಲ್ಲಿ, ಅಮ್ಮನ ಮಡಿಲಲ್ಲಿ ಬೀಳುತ್ತಿದ್ದವು. ಅವಳು ಅವನ್ನು ಒಂದೊಂದಾಗಿ ಆರಿಸಿ ಪಕ್ಕಕ್ಕಿಡುತ್ತಿದ್ದಳು. ಒಂದು ಸಲ ತಲೆಯೆತ್ತಿದಳು. ಅಪ್ಪನ ಕಡೆಗಲ್ಲ, ಅವನ ಕಡೆಗೆ. ಏನನ್ನೂ ಕೇಳುವ ಕಣ್ಣಲ್ಲ; ಇವನು ಯಾರ ಮಗ ಎಂದು ನೋಡುವ ಕಣ್ಣು. ಅವನು ಇನ್ನೊಂದು ಕಡಲೆಕಾಯಿ ಸುಲಿದ.

ನೀರು ಇಳಿಯಲು ಶುರುವಾಗಿತ್ತು. ಹಗ್ಗ ಅಂಗೈಯಲ್ಲಿ ಜಾರುತ್ತಿತ್ತು. ಗೋಡೆಗಳು ಒದ್ದೆಯಾಗಿ, ಕಪ್ಪಾಗಿ, ಎದ್ದು ನಿಲ್ಲುತ್ತಿದ್ದವು. ಮೇಲೆ ಕಂಬಿಗೊರಗಿದ ಜನ ಐಸ್‌ಕ್ರೀಮ್ ತಿನ್ನುತ್ತ, ಫೋಟೋ ತೆಗೆಯುತ್ತ ಕೆಳಗೆ ನೋಡುತ್ತಿದ್ದರು. ಒಬ್ಬ ಹುಡುಗಿ ಕೈಬೀಸಿದಳು, ಜಾಹ್ನವಿ ಕೈಬೀಸಿದಳು. ತ್ರಿವಿಕ್ರಮ ಅಮ್ಮನ ಬಳಿಗೆ ಬಾಗಿದ.

"ಅಮ್ಮ, ನನಗೆ ಹೊಳೀಲೇ ಇಲ್ಲ. ನಿಜವಾಗ್ಲೂ. ನಿನಗೆ ಖುಷಿಯಾಗತ್ತೆ ಅಂತ ಕರ್ಕೊಂಡು ಬಂದೆ."

"ಗೊತ್ತು."

"ವಾಪಸ್ ಹೋಗೋಣ ಅಂದ್ರೆ ಈಗ ಆಗಲ್ಲ."

"ಬೇಡ ಬಿಡು. ನಿಮ್ಮಪ್ಪನಿಗೂ ಹೊಳೀತಿರ್ಲಿಲ್ಲ. ತಮಾಷೆ ಅಂತಲೇ ಅಂದ್ಕೊಂಡಿದ್ರು, ಕೊನೇವರೆಗೂ. ಆಸ್ಪತ್ರೇಲಿ ಮಲಗಿದ್ದಾಗ ನರ್ಸ್‌ಗೆ ಹೇಳಿ ನಗ್ತಿದ್ರು, ನಮ್ಮ ಹೆಂಡತೀದು ಹಟ ಅಂದ್ರೆ ಹಟ ಅಂತ."

ಅವಳ ದನಿ ಸೊಪ್ಪಿನ ಬಗ್ಗೆ ಮಾತಾಡುವಷ್ಟೇ ಸಲೀಸಾಗಿತ್ತು. ಅವನು ಕ್ಷಮಿಸು ಎನ್ನಬೇಕಿತ್ತು. ಬದಲಿಗೆ ಬಾಯಿಂದ ಬಂದದ್ದು ಬೇರೆಯೇ. ಬಂದ ಮೇಲೆ ಅವನಿಗೇ ಅದರ ಮೇಲೆ ಅಸಹ್ಯವಾಯಿತು, ಆದರೂ ನಿಲ್ಲಿಸಲಾಗಲಿಲ್ಲ.

"ವೇದಾ ಹತ್ರ ಮಾತಾಡಿದ್ಯಾ?"

ಅಮ್ಮ ಅವನನ್ನು ನೋಡಿದಳು. "ಮಾತಾಡ್ದೆ."

"ಏನಂದ್ಲು?"

"ಅವಳೇನೂ ಅನ್ಲಿಲ್ಲ. ನಾನೇ ಅಂದೆ. ನನ್ನ ಜೊತೆ ಹೊರಡು ಅಂದೆ. ಗುರುವಾರ ಮೂರು ಜನಾನೂ ಹೋಗ್ತೀವಿ. ಅವಳ ಅಣ್ಣ ಟಿಕೆಟ್ ಮಾಡಿಸಿದಾನೆ."

ಅವನಿಗೆ ಅರ್ಥವಾಗಲಿಲ್ಲ. "ಎಷ್ಟು ದಿನಕ್ಕೆ?" ಎಂದ.

"ಅವಳು ಅಲ್ಲಿ ಕೆಲಸಕ್ಕೆ ಸೇರ್ತಾಳೆ. ಮಗು ಅಲ್ಲೇ ಓದತ್ತೆ. ನಾನು ಅವರ ಜೊತೆ ಇರ್ತೀನಿ."

"ನನಗೊಂದು ಮಾತು..."

"ಹೇಳಿದ್ರೆ ನೀನು ಸಮಾಧಾನವಾಗಿ ಕೂರಿಸ್ಕೊಂಡು ಕಾರಣ ಹೇಳ್ತಿದ್ದೆ. ಅವಳು ಕೂತ್ಕೊಂಡುಬಿಡ್ತಿದ್ಲು." ಅಮ್ಮ ತಲೆಯೆತ್ತಿ ಗೋಡೆಯನ್ನು ನೋಡಿದಳು. "ನಾನೂ ಹೊರಟುಬಿಡಬಹುದಿತ್ತು ಕಣೋ. ಹೊರಡು ಅನ್ನೋರು ಒಬ್ರೂ ಇರ್ಲಿಲ್ಲ."

ದೋಣಿ ಒಮ್ಮೆ ಜಗ್ಗಿತು. ಹಿಂಬದಿ ಮೇಲಕ್ಕೆದ್ದು ಮುಂಬದಿ ತಗ್ಗಿತು. ಡಬ್ಬಿ ಜಾರಿ ಹೋಗಿ ಜಯಂತನ ಕಾಲಿಗೆ ಬಡಿಯಿತು. ಮೇಲಿಂದ ಯಾರೋ ಇಂಗ್ಲಿಷಿನಲ್ಲಿ ಕೂಗುತ್ತಿದ್ದರು. "ಹಗ್ಗ, ಹಗ್ಗ ಬಿಡೋ ಮಾರಾಯ" ಎಂದು ಜಯಂತ ದೋಣಿ ತಿರುಗಿಸುವ ಚಕ್ರ ಬಿಟ್ಟು ಬರಲಾಗದೆ ಕಿರುಚಿದ. ತ್ರಿವಿಕ್ರಮನಿಗೆ ತಾನು ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನಿಂತಿರುವುದು ಕಾಣುತ್ತಿತ್ತು, ಬೆರಳುಗಳು ಬಿಳುಚಿರುವುದು ಕಾಣುತ್ತಿತ್ತು; ಅವು ಬೇರೆ ಯಾರದೋ ಬೆರಳುಗಳಂತೆ ಅವನ ಮಾತು ಕೇಳುತ್ತಿರಲಿಲ್ಲ. ವೇದಾ ಜಾಹ್ನವಿಯನ್ನು ಸೊಂಟಕ್ಕೆ ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಅತ್ತೆಯ ರಟ್ಟೆ ಹಿಡಿದು ಕೂತಿದ್ದಳು. ಅವಳು ಅವನನ್ನು ನೇರವಾಗಿ ನೋಡಿದಳು.

"ಬಿಡಿ" ಎಂದಳು.

ಎರಡು ತಿಂಗಳಲ್ಲಿ ಅವನೊಂದಿಗೆ ಅವಳಾಡಿದ ಮೊದಲ ಮಾತು. ಅವನ ಕೈ ಸಡಿಲವಾಯಿತು. ಹಗ್ಗ ಅಂಗೈಯ ಚರ್ಮ ಕಿತ್ತುಕೊಂಡು ಓಡಿತು. ದೋಣಿ ದಬ್ಬೆಂದು ನೀರಿಗೆ ಬಿತ್ತು. ಪಕ್ಕದ ದೋಣಿಯವರು ಹೋ ಎಂದರು. ಆಮೇಲೆ ಯಾರೋ ಮೇಲಿನಿಂದ ಚಪ್ಪಾಳೆ ತಟ್ಟಿದರು, ಇನ್ನಷ್ಟು ಜನ ಸೇರಿಕೊಂಡರು. ಹಗ್ಗದ ತುದಿ ಇನ್ನೂ ಅವನ ಕೈಯಲ್ಲೇ ಇತ್ತು, ಅದರ ಮೇಲೆ ಸ್ವಲ್ಪ ರಕ್ತ. ಅವನು ಮೇಲೆ ನೋಡಿದ. ಸಾಲಾಗಿ ಮುಖಗಳು, ಆಕಾಶ. ಎಲ್ಲರೂ ಒಳ್ಳೆಯವರೇ, ನಗುತ್ತಿದ್ದರು.

"ಏನಾಗಿಲ್ಲ, ಏನಾಗಿಲ್ಲ" ಎಂದ ಜಯಂತ. "ಎಲ್ರೂ ಫಸ್ಟ್ ಟೈಮ್ ಹೀಗೇ ಮಾಡೋದು." ಆದರೆ ಅವನು ತ್ರಿವಿಕ್ರಮನ ಮುಖ ನೋಡದೆ ಆ ಮಾತು ಹೇಳಿದ. ಬಗ್ಗಿ ಡಬ್ಬಿಯನ್ನೆತ್ತಿ ಒರೆಸಿ ವೇದಾಳ ಕೈಗೆ ಕೊಟ್ಟ.

"ಗುರುವಾರ ಇವರನ್ನ ಏರ್‌ಪೋರ್ಟಿಗೆ ಬಿಡೋನು ನೀನೇನಾ?" ಎಂದು ಕೇಳಿದ ತ್ರಿವಿಕ್ರಮ.

ಜಯಂತ ಮುಚ್ಚಿದ ಬಾಗಿಲನ್ನೇ ನೋಡುತ್ತ ನಿಂತ. "ಅಮ್ಮ ಕೇಳಿದ್ರು ಕಣೋ. ಇಲ್ಲ ಅನ್ನಕ್ಕಾಗ್ಲಿಲ್ಲ" ಎಂದ.

ಹಾಗಾದರೆ ದೋಣಿಯಲ್ಲಿರುವವರಿಗೆಲ್ಲ ಗೊತ್ತಿತ್ತು. ಕಾರಿನಲ್ಲಿ ಬರುವಾಗ ಗೊತ್ತಿತ್ತು, ಚಿತ್ರಾನ್ನ ಕಲಸುವಾಗ ಗೊತ್ತಿತ್ತು. ಅಮ್ಮನಿಗೆ, ವೇದಾಳಿಗೆ, ಜಯಂತನಿಗೆ. ಅವನು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋಗಿ ಜಾಹ್ನವಿಯ ಹತ್ತಿರ ನಿಂತ. ಅವಳು ವೇದಾಳ ತೋಳಿನ ಕೆಳಗಿನಿಂದ ಅವನ ಅಂಗೈಯನ್ನು ನೋಡುತ್ತಿದ್ದಳು. ಕುತ್ತಿಗೆಗೆ ಜಾರಿದ್ದ ಹೆಡ್‌ಫೋನಿನಿಂದ ಸಣ್ಣಗೆ ಹಾಡು ಕೇಳಿಸುತ್ತಿತ್ತು. ಎಂಟು ವರ್ಷದ ಮಗು. ಶಾಲೆಯಲ್ಲಿ ಯಾರು ಏನು ತಿಂದರು, ಯಾರಿಗೆ ಹಲ್ಲು ಬಿತ್ತು, ಟೀಚರ್ ಯಾವ ಶೂ ಹಾಕಿದ್ದರು, ಎಲ್ಲವನ್ನೂ ಅವನು ಕಾರಿನ ಬಾಗಿಲು ತೆಗೆಯುವುದರೊಳಗೆ ಹೇಳಿ ಮುಗಿಸುವ ಮಗು. ಇವಳಿಗೆ ಗೊತ್ತಿರಲಾರದು. ಗೊತ್ತಿದ್ದರೆ ಹೇಳದೆ ಇರುವವಳಲ್ಲ. ಅವನು ಅವಳ ಮುಂದೆ ಮೊಣಕಾಲೂರಿ ಕೂತ. ಕೈಯನ್ನು ಹಿಂದೆ ಇಟ್ಟುಕೊಂಡ, ರಕ್ತ ಕಾಣದಿರಲೆಂದು. ದನಿಯನ್ನು ತಗ್ಗಿಸಿ, ತನಗೆ ಚೆನ್ನಾಗಿ ಗೊತ್ತಿದ್ದ ಆ ಸಮಾಧಾನದ ದನಿಯಲ್ಲಿ, ಕೇಳಿದ:

"ಪುಟ್ಟಿ, ಗುರುವಾರ ಊರಿಗೆ ಹೋಗೋದು ನಿನಗೆ ಗೊತ್ತಿತ್ತಾ?"

ಜಾಹ್ನವಿ ಅಮ್ಮನ ಮುಖ ನೋಡಿದಳು. ಅಜ್ಜಿಯ ಮುಖ ನೋಡಿದಳು. ಆಮೇಲೆ ಅವನ ಭುಜದ ಆಚೆ, ನಿಧಾನವಾಗಿ ತೆರೆಯುತ್ತಿದ್ದ ಬಾಗಿಲಿನ ಕಡೆ ಕಣ್ಣಿಟ್ಟು, ಒಂದಿಷ್ಟೂ ತಡವರಿಸದೆ, "ನೋ" ಎಂದಳು.

ಸುಳ್ಳು ಹೇಳುವುದು ಅವಳಿಗೆ ಚೆನ್ನಾಗಿ ರೂಢಿಯಾಗಿತ್ತು. ದಿನಾ ಹೆದರಿಕೊಂಡೇ ಇರುವವರು ಹೇಳುವಂತೆ ಹೇಳಿದ್ದಳು, ಕಣ್ಣು ಮಿಟುಕಿಸದೆ. ಅದು ಯಾವಾಗಿನಿಂದ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

"ಸರಿ" ಎಂದ ಅವನು. ಮುಂದಿನ ದೋಣಿ ಹೊರಟಿತು.